ಕ್ಯಾನೊಪಿಗೆ ಯಾವ ಲ್ಯಾಚ್? ಮೂರನ್ನೂ ಕೂರಿಸಿ ನೋಡಿದ ಮೇಲೆ

ಕ್ಯಾನೊಪಿ ಎಂದರೆ ವಿಮಾನದ ಸೀಟುಗಳ ಮೇಲಿನ ಪಾರದರ್ಶಕ ಮುಚ್ಚಳ, ಲ್ಯಾಚ್ ಎಂದರೆ ಅದನ್ನು ಮುಚ್ಚಿ ಹಿಡಿಯುವ ಕೊಂಡಿ. ನಾನೇ ಕಟ್ಟಿದ ಎರಡು ಸೀಟಿನ ವಿಮಾನಕ್ಕೆ ಇದುವರೆಗೆ ಮೂರು ಬಗೆಯ ಕ್ಯಾನೊಪಿ ಲ್ಯಾಚ್ ಕೂರಿಸಿದ್ದೇನೆ, ಎರಡನ್ನು ಬಿಚ್ಚಿ ಹಾಕಿದ್ದೇನೆ. ನನ್ನ ಕ್ಯಾನೊಪಿಗೆ ಕೀಲು ಮುಂದಿದೆ, ತೆರೆದರೆ ಹಿಂಬದಿ ಮೇಲೇಳುತ್ತದೆ. ಹಾಗಾಗಿ ಲ್ಯಾಚ್‌ಗಳು ಹಿಂದಿನ ಎರಡು ಮೂಲೆಯಲ್ಲಿವೆ.

ಮೊದಲು ಹೊರೆಯ ಲೆಕ್ಕ. ಹಾರುವಾಗ ಗಾಳಿ ಕ್ಯಾನೊಪಿಯನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ ಎಂದು ಹಲವರು ಅಂದುಕೊಂಡಿರುತ್ತಾರೆ. ಆಗುವುದು ಅದರ ವಿರುದ್ಧ. ಉಬ್ಬಿದ ಮೇಲ್ಮೈ ಮೇಲೆ ಗಾಳಿ ವೇಗವಾಗಿ ಹರಿಯುವ ಕಡೆ ಒತ್ತಡ ಇಳಿದು, ಒಳಗಿನ ಗಾಳಿ ಕ್ಯಾನೊಪಿಯನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲಿ 100 ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ವೇಗಕ್ಕೆ ಗಾಳಿಯ ಚಲನ ಒತ್ತಡ ಚದರ ಮೀಟರಿಗೆ ಸುಮಾರು 165 ಕಿಲೋ ಭಾರದಷ್ಟು. ನನ್ನ ಕ್ಯಾನೊಪಿಯ ಮೇಲ್ಭಾಗ 0.8 ಚದರ ಮೀಟರ್. ಸರಾಸರಿ ಎಳೆತ ಆ ಒತ್ತಡದ ಅರ್ಧ ಎಂದು ಹಿಡಿದರೂ 66 ಕಿಲೋ ಆಯಿತು. 140 ನಾಟ್‌ಗೆ ಅದು ಎರಡರಷ್ಟಾಗಿ 130ರ ಹತ್ತಿರ ಹೋಗುತ್ತದೆ. ಮೂರೂ ಬಗೆಯ ಲ್ಯಾಚ್‌ಗಳನ್ನು ಬೆಂಚಿಗೆ ಬಿಗಿದು, ಚೈನ್ ಬ್ಲಾಕ್‌ನಲ್ಲಿ ತೂಕದ ಯಂತ್ರ ಸಿಕ್ಕಿಸಿ, ಒಂದೊಂದನ್ನೂ 150 ಕಿಲೋ ತನಕ ಎಳೆದೆ. ಮೂರೂ ತಡೆದವು. ಗಟ್ಟಿತನದಲ್ಲಿ ಆರಿಸಲು ಏನೂ ಉಳಿಯಲಿಲ್ಲ. ನಾನು ಹುಡುಕಬೇಕಾಗಿದ್ದುದು ಬೇರೆಯೇ: ಅರ್ಧಂಬರ್ಧ ಬಿದ್ದಾಗ 'ನಾನಿನ್ನೂ ಬಿದ್ದಿಲ್ಲ' ಎಂದು ಕಣ್ಣಿಗೂ ಕೈಗೂ ತಿಳಿಸುವ ಲ್ಯಾಚ್.

ಮೊದಲು ಹಾಕಿದ್ದು ಸಾಮಾನಿನ ಪೆಟ್ಟಿಗೆಗಳಿಗೆ ಇರುತ್ತದಲ್ಲ, ಆ ಥರದ ಎಳೆದು ಮಡಚುವ ಕ್ಲಿಪ್, ಪ್ರತಿ ಮೂಲೆಗೂ ಒಂದು. ಇದರ ಗುಟ್ಟು ಸನ್ನೆ (ಲಿವರ್) ನಡುಬಿಂದುವನ್ನು ದಾಟುವುದರಲ್ಲಿದೆ. ದಾಟಿದ ಮೇಲೆ ಎಳೆತ ಹೆಚ್ಚಿದಷ್ಟೂ ಸನ್ನೆ ಒಳಕ್ಕೇ ಒತ್ತಿಕೊಳ್ಳುತ್ತದೆ. ದಾಟದಿದ್ದರೆ ಎಂಜಿನ್ನಿನ ನಡುಕವೇ ಅದನ್ನು ಬಿಚ್ಚುತ್ತದೆ. ಸೀಲಿನ ರಬ್ಬರನ್ನು ಚೆನ್ನಾಗಿ ಅಮುಕುತ್ತದೆ, ಮಳೆನೀರು ಒಳಗೆ ಬರುವುದಿಲ್ಲ. ಹಗುರ, ಸುಲಭ. ಬಿಚ್ಚಿದ್ದು ಯಾಕೆಂದರೆ, ಎರಡು ಕ್ಲಿಪ್ ಎಂದರೆ ಎರಡು ಕೆಲಸ, ಒಂದನ್ನು ಮರೆಯಲು ಸಾಧ್ಯ. ತಮ್ಮನನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ಕಣ್ಣಿಗೆ ಬಟ್ಟೆ ಕಟ್ಟಿ 'ತೆಗೆದು ಹೊರಗೆ ಬಾ' ಎಂದೆ. ಒಂದು ಕ್ಲಿಪ್ ತಕ್ಷಣ ಸಿಕ್ಕಿತು. ಇನ್ನೊಂದಕ್ಕೆ ಹೆಗಲ ಹಿಂದೆ ತಡಕಾಡುತ್ತಲೇ ಇದ್ದ. ಹೊರಗಿನಿಂದ ಅದನ್ನು ತೆಗೆಯುವ ದಾರಿಯೂ ಇರಲಿಲ್ಲ. ಮಗುಚಿ ಬಿದ್ದ ವಿಮಾನದ ಹತ್ತಿರ ಓಡಿ ಬಂದವರು ಏನು ಮಾಡಬೇಕು? ಆ ಸಂಜೆಯೇ ಬಿಚ್ಚಿದೆ.

ಎರಡನೆಯದು ಚಿಲಕ. ನಡುವೆ ಒಂದೇ ಹಿಡಿಕೆ, ಅದನ್ನು ತಿರುಗಿಸಿದರೆ ಎಡಕ್ಕೂ ಬಲಕ್ಕೂ 8 ಮಿ.ಮೀ. ಉಕ್ಕಿನ ಪಿನ್ನುಗಳು ಹೊರಟು ಫ್ಯೂಸಲೇಜಿನ (ವಿಮಾನದ ಒಡಲಿನ) ಬುಶ್‌ಗಳಿಗೆ, ಅಂದರೆ ಪಿನ್ನು ಕೂರುವ ಕೊಳವೆಗಳಿಗೆ, ಹೊಗುತ್ತವೆ. ನೋಡಲು ಬಹಳ ಅಚ್ಚುಕಟ್ಟು. ಶೆಡ್ಡಿನ ನೆರಳಲ್ಲಿ ಬೆಣ್ಣೆಯ ಹಾಗೆ ಕೂರುತ್ತಿತ್ತು.

ಬಿಸಿಲಿಗೆ ತಂದಾಗ ಶುರುವಾಯಿತು ತೊಂದರೆ. ಕ್ಯಾನೊಪಿಯ ಪಾರದರ್ಶಕ ಪ್ಲಾಸ್ಟಿಕ್ಕಾದ ಅಕ್ರಿಲಿಕ್ ಒಂದು ಡಿಗ್ರಿಗೆ, ಮೀಟರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಉಕ್ಕು ಬರೀ 0.012. 1.2 ಮೀಟರ್ ಉದ್ದದ ಕ್ಯಾನೊಪಿ 30 ಡಿಗ್ರಿ ಕಾದರೆ ಅಕ್ರಿಲಿಕ್ 2.5 ಮಿ.ಮೀ. ಬೆಳೆಯುತ್ತದೆ, ಅದನ್ನು ಹಿಡಿದ ಉಕ್ಕಿನ ಚೌಕಟ್ಟು ಅರ್ಧ ಮಿ.ಮೀ. ಕೂಡ ಇಲ್ಲ. ನಾನು ಎರಡನ್ನೂ ಗಟ್ಟಿಯಾಗಿ ಅಂಟಿಸಿದ್ದೆ, ಹಾಗಾಗಿ ಚೌಕಟ್ಟು ಸ್ವಲ್ಪ ಬಿಲ್ಲಾಯಿತು, ಪಿನ್ನಿಗೂ ಬುಶ್‌ಗೂ ನೇರ ತಪ್ಪಿತು. ಒಂದು ಮಧ್ಯಾಹ್ನ ರನ್‌ವೇಯಲ್ಲಿ ವೇಗದ ಟ್ಯಾಕ್ಸಿ ಪರೀಕ್ಷೆ (ಹಾರಿಸದೆ ನೆಲದ ಮೇಲೇ ಓಡಿಸುವುದು) ಮಾಡುತ್ತಿದ್ದೆ. ಹಿಡಿಕೆ ಪೂರ್ತಿ ತಿರುಗಿತ್ತು, 'ಟಕ್' ಎಂದು ಸದ್ದೂ ಬಂದಿತ್ತು. 40 ನಾಟ್ ದಾಟುತ್ತಿದ್ದಂತೆ ಎಡಮೂಲೆ ಎರಡು ಬೆರಳಷ್ಟು ಎದ್ದಿತು. ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿಕೆ) ಎಳೆದು ನಿಲ್ಲಿಸಿದೆ. ಇಳಿದು ನೋಡಿದರೆ ಪಿನ್ನು ಬುಶ್ಶಿನ ಒಳಗೆ ಹೋಗಿರಲೇ ಇಲ್ಲ, ಅಂಚಿನ ಮೇಲೆ ಜಾರಿ ನಿಂತಿತ್ತು. ಬಣ್ಣ ಕಿತ್ತು ಬಂದ ಅರ್ಧಚಂದ್ರದ ಗೀರು ಇವತ್ತಿಗೂ ಅಲ್ಲಿದೆ, ಅಳಿಸಿಲ್ಲ.

ಚಿಲಕವನ್ನೇ ಇಟ್ಟುಕೊಳ್ಳುವವರು ಪಿನ್ನಿನ ತುದಿಯನ್ನು ಉದ್ದಕ್ಕೆ ಮೊನೆ ಮಾಡಿ, ಬುಶ್ಶಿನ ಬಾಯಿ ಅಗಲಿಸಿ, ಪಿನ್ನು ಕನಿಷ್ಠ 10 ಮಿ.ಮೀ. ಒಳಗೆ ಹೋಗುವಂತೆ ನೋಡಿಕೊಳ್ಳಿ. ಬುಶ್ಶಿನಾಚೆ ಪಿನ್ನಿನ ತುದಿ ಸೀಟಿನಿಂದಲೇ ಕಾಣುವ ಹಾಗೆ ಒಂದು ಕಿಂಡಿ ಕೊರೆದು, ಆ ತುದಿಗೆ ಹಸಿರು ಬಣ್ಣ ಬಳಿಯಿರಿ. ಹಸಿರು ಕಂಡರೆ ಮಾತ್ರ ಬಿದ್ದಿದೆ. ಆದರೂ ಇನ್ನೊಂದು ಭಯ ನನ್ನನ್ನು ಬಿಡಲಿಲ್ಲ: ಅಪಘಾತದಲ್ಲಿ ಫ್ಯೂಸಲೇಜು ಸ್ವಲ್ಪ ತಿರುಚಿದರೆ ಪಿನ್ನು ಬುಶ್ಶಿನಲ್ಲೇ ಕಚ್ಚಿಕೊಳ್ಳಬಹುದು.

ಈಗ ಇರುವುದು ತಿರುಗುವ ಕೊಕ್ಕೆ. ಅಡ್ಡಕ್ಕೆ ಒಂದು ಟ್ಯೂಬು, ಎರಡು ತುದಿಗೂ ಕೊಕ್ಕೆ, ಫ್ಯೂಸಲೇಜಿನಲ್ಲಿ ಅವು ಹಿಡಿಯುವ ರೋಲರ್. ಕೊಕ್ಕೆಯ ಬಾಯಿ ಇಳಿಜಾರಾಗಿದೆ, ತಿರುಗುತ್ತಾ ತಿರುಗುತ್ತಾ ಕ್ಯಾನೊಪಿಯನ್ನು 7 ಮಿ.ಮೀ. ಕೆಳಕ್ಕೆ ಎಳೆದುಕೊಳ್ಳುತ್ತದೆ. ಬಿಸಿಲಿನಲ್ಲಿ ಎರಡು ಮಿ.ಮೀ. ಆಚೀಚೆಯಾದರೆ ಅದಕ್ಕೆ ಲೆಕ್ಕವಿಲ್ಲ. ರೋಲರ್ ಸಿಗದಿದ್ದರೆ ಕೊಕ್ಕೆಯ ಬೆನ್ನು ತಾಗಿ ಹಿಡಿಕೆ ಅರ್ಧದಲ್ಲೇ ನಿಲ್ಲುತ್ತದೆ. ನನಗೆ ಬೇಕಾಗಿದ್ದುದು ಇದೇ. ಮಾಡುವಾಗ ಒಂದು ಎಚ್ಚರ ಬೇಕು: ರೋಲರ್ ಕೊನೆಗೆ ಕೂರುವ ಜಾಗ ಟ್ಯೂಬಿನ ಅಕ್ಷದ ನೇರಕ್ಕೆ, ಇಲ್ಲವೇ ಅದನ್ನು ಕೊಂಚ ದಾಟಿ ಇರಬೇಕು. ಇಲ್ಲದಿದ್ದರೆ ಎಳೆತವೇ ಕೊಕ್ಕೆಯನ್ನು ಹಿಂದಕ್ಕೆ ತಿರುಗಿಸುತ್ತದೆ. ನಾನು ಮೊದಲು ಹಾಕಿದ 12 ಮಿ.ಮೀ. ಟ್ಯೂಬು ತಿರುಚಿಕೊಂಡು ದೂರದ ಕೊಕ್ಕೆ ಹಿಂದುಳಿಯುತ್ತಿತ್ತು. ಗೋಡೆಯ ದಪ್ಪ ಅಷ್ಟೇ ಇರುವ 19 ಮಿ.ಮೀ. ಟ್ಯೂಬು ಹಾಕಿದ ಮೇಲೆ ತಿರುಚಿಕೆ ಕಾಲುಭಾಗಕ್ಕಿಳಿಯಿತು. ಅದೇ ಅಕ್ಷಕ್ಕೆ ಹೊರಗೊಂದು ಹಿಡಿಕೆ ಸೇರಿಸಿದ್ದೇನೆ. ಕಣ್ಣು ಕಟ್ಟಿದ ತಮ್ಮ ಒಂದೇ ಸಲಕ್ಕೆ ತೆರೆದ.

ಯಾವುದನ್ನೇ ಆರಿಸಿ, ಎರಡನೆಯ ಹಿಡಿತ ಒಂದು ಬೇರೆಯಾಗಿ ಇರಲೇಬೇಕು: ಮುಖ್ಯ ಲ್ಯಾಚ್ ಬಿಟ್ಟರೂ ಕ್ಯಾನೊಪಿಯನ್ನು ಮೂರು ಸೆಂ.ಮೀ.ಗಿಂತ ಮೇಲೇಳಲು ಬಿಡದ ಸ್ಪ್ರಿಂಗ್ ಕೊಂಡಿ. ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನರ ಲಾಂಗ್-ಈಜೀ ಎಂಬ, ಮನೆಯಲ್ಲೇ ಕಟ್ಟಿಕೊಳ್ಳುವ ವಿಮಾನದ ಕ್ಯಾನೊಪಿ ಪಕ್ಕಕ್ಕೆ ತೆರೆಯುವಂಥದ್ದು. ಅದರಲ್ಲಿ ಇಂಥ ಕೊಂಡಿಯೂ ಇದೆ, ಲ್ಯಾಚ್ ಹಾಕದೆ ಥ್ರಾಟಲ್ ಮುಂದೊತ್ತಿದರೆ ಕೂಗುವ ಬಜರ್ ಕೂಡ ಇದೆ. ನಾನು ಬಜರನ್ನು ಹಾಗೇ ಅಳವಡಿಸಿದೆ. ಆದರೆ ಅದನ್ನು ಕೂಗಿಸುವ ಪುಟ್ಟ ಮೈಕ್ರೊಸ್ವಿಚ್ಚನ್ನು ಹಿಡಿಕೆಯ ಹತ್ತಿರ ಇಡಲಿಲ್ಲ, ಪ್ರತಿ ಕೊಕ್ಕೆಯ ತುದಿಗೂ ಒಂದೊಂದು ಇಟ್ಟೆ. ಹಿಡಿಕೆ ತಿರುಗಿದ್ದು ಗೊತ್ತಾದರೆ ಸಾಲದು, ಕೊಕ್ಕೆ ಹಿಡಿದದ್ದು ಗೊತ್ತಾಗಬೇಕು.

ಕೀಲಿ ಬೀಗದ ಮಾತು ಇಷ್ಟೇ: ಅದು ಕಳ್ಳರಿಗೆ, ಗಾಳಿಗಲ್ಲ. ಹೊರಗಿನ ಹಿಡಿಕೆಗೆ ಹಾಕಿದ ಬೀಗ ಒಳಗಿನ ಹಿಡಿಕೆಯನ್ನು ಎಂದೂ ತಡೆಯಬಾರದು. ಹಾರುವಾಗ ಬೀಗ ಹಾಕಿರಲೂ ಬಾರದು. ನನ್ನ ವಿಮಾನದಲ್ಲಿ ಆ ಕೀಲಿಯೂ ಇಗ್ನಿಷನ್ ಕೀಲಿಯೂ ಒಂದೇ ಬಳೆಯಲ್ಲಿವೆ, ಬೀಗ ತೆರೆಯದೆ ಆ ಕೀಲಿ ಹೊರಗೆ ಬರುವುದಿಲ್ಲ.