ಸಾವಯವ, ವೀಗನ್ ಮಾಲು: ಯಾವುದಕ್ಕೆ ಜಾಸ್ತಿ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಸಾವಯವ ಅಂತ ಬರೆದಿರುವ ರಾಗಿ ಹಿಟ್ಟಿಗೆ ಎರಡು ಪಟ್ಟು ದುಡ್ಡು ಕೊಡಬೇಡಿ. ಸಾವಯವ ಪದಾರ್ಥ ಮಾರುವವಳೇ ಈ ಮಾತು ಹೇಳುತ್ತಿದ್ದೇನೆ.

ತುಮಕೂರಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಸಿರಿಧಾನ್ಯ, ಗಾಣದ ಎಣ್ಣೆ, ಪಾಲಿಶ್ ಮಾಡದ ಬೇಳೆ, ಬೆಲ್ಲ, ಇವು ಮೊದಲಿಂದಲೂ ಇದ್ದವು. ಈಚಿನ ವರ್ಷಗಳಲ್ಲಿ ವೀಗನ್ ಗಿರಾಕಿಗಳು, ಅಂದರೆ ಮಾಂಸದ ಜೊತೆ ಹಾಲು, ತುಪ್ಪ, ಜೇನನ್ನೂ ಬಿಟ್ಟವರು, ಬರಲು ಶುರು ಮಾಡಿದರು. ಕಾಲೇಜು ಹುಡುಗರು, ಹಾಲು ಒಗ್ಗದವರು, ಬೆಂಗಳೂರಿನಿಂದ ವಾಪಸ್ ಬಂದು ಇಲ್ಲೇ ಕೂತು ಕೆಲಸ ಮಾಡುವವರು. ಅವರಿಗಾಗಿ ಬಾದಾಮಿ ಹಾಲು, ತೋಫು (ಸೋಯಾ ಹಾಲಿನ ಪನೀರ್), ವೀಗನ್ ಚೀಸ್ ಎಲ್ಲವೂ ಬಂದವು. ಯಾವ ಮಾಲೇ ಆಗಲಿ, ಮೊದಲು ನಮ್ಮ ಮನೆಯಲ್ಲಿ ಬಳಸಿ ನೋಡಿ ಆಮೇಲೆ ಅಂಗಡಿಗೆ ಇಡುತ್ತೇನೆ. ಹಾಗಾಗಿ ಇದು ಮಾರುವವಳ ಮಾತೂ ಹೌದು, ತಿನ್ನುವವಳ ಮಾತೂ ಹೌದು. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಒಂದೇ ಬ್ರ್ಯಾಂಡಿನ ಮಾಲು ಈ ಬ್ಯಾಚಿನಲ್ಲಿ ಚೆನ್ನಾಗಿರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ. ಹೆಸರು ಹೇಳಿ ಏನು ಪ್ರಯೋಜನ?

ರಾಗಿ ವಿಷಯ ಮುಗಿಸಿಬಿಡುತ್ತೇನೆ. ನಮ್ಮ ಕಡೆ ರಾಗಿ ಹೆಚ್ಚಾಗಿ ಮಳೆ ನಂಬಿದ ಬೆಳೆ. ಡಿಎಪಿ, ಯೂರಿಯಾ ಹಾಕುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ದ್ರಾಕ್ಷಿಗೋ ಟೊಮೆಟೊಗೋ ಹೊಡೆದ ಹಾಗೆ ರಾಗಿಗೆ ಯಾರೂ ಔಷಧಿ ಹೊಡೆಯುವುದಿಲ್ಲ. ಇನ್ನೊಂದು ವಿಷಯ, ರಾಗಿಯ ಕಾಳು ಸಣ್ಣದು, ಸಿಪ್ಪೆ ಒಳಗಿನ ಭಾಗಕ್ಕೆ ಅಂಟಿಕೊಂಡಿರುತ್ತದೆ. ಅಕ್ಕಿಯ ಹಾಗೆ ಸುಲಭವಾಗಿ ಬಿಳಿ ಮಾಡಲು ಆಗುವುದಿಲ್ಲ. ಹಾಗಾಗಿ ಊರಿನ ಗಿರಣಿಯಲ್ಲಿ ಬೀಸಿಸಿದ ಸಾದಾ ರಾಗಿ ಹಿಟ್ಟೂ ಪೂರ್ತಿ ಕಾಳಿನ ಹಿಟ್ಟೇ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅದಕ್ಕೆ ಸಾವಯವ ಚೀಟಿ ಬೇಕಿಲ್ಲ. ನಿಮಗೆ ಬೇಕಾಗಿರುವುದು ಹೊಸದಾಗಿ ಬೀಸಿದ ಹಿಟ್ಟು. ಅಂದವಾದ ಪ್ಯಾಕೆಟ್ಟಿನಲ್ಲಿ ಐದಾರು ತಿಂಗಳು ಕೂತ ಹಿಟ್ಟು ಮುದ್ದೆ ಮಾಡಿದರೆ ಕಹಿ ಬರುತ್ತದೆ. ಕಾಳು ಕೊಂಡು, ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ಬೀಸಿಸಿಕೊಳ್ಳಿ. ಕಾಳು ನನ್ನ ಹತ್ತಿರವೇ ಕೊಳ್ಳಬೇಕು ಅಂತ ಇಲ್ಲ, ಗೊತ್ತಿರುವ ರೈತರಿದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ಜಾಸ್ತಿ ದುಡ್ಡು ಎಲ್ಲಿ ಕೊಡಬೇಕು? ಎಣ್ಣೆಗೆ. ನನ್ನ ಅಂಗಡಿಯಲ್ಲಿ ಜನ ಅತಿ ಹೆಚ್ಚು ಚೌಕಾಸಿ ಮಾಡುವುದೂ ಎಣ್ಣೆಗೇ. "ಅಕ್ಕ, ಅಲ್ಲಿ ಇನ್ನೂರಕ್ಕೆ ಗಾಣದ ಎಣ್ಣೆ ಕೊಡ್ತಾರೆ, ನೀವ್ಯಾಕೆ ಇಷ್ಟು ಹೇಳ್ತೀರಾ?" ಅನ್ನುತ್ತಾರೆ. ಲೆಕ್ಕ ಮಾಡಿ ನೋಡಿ. ಮರದ ಗಾಣದಲ್ಲಿ ಕಡಲೆಬೀಜದಿಂದ ಬರುವ ಎಣ್ಣೆ ತೂಕದಲ್ಲಿ ಹೆಚ್ಚೂಕಡಿಮೆ ನೂರಕ್ಕೆ 40. ಅಂದರೆ ಒಂದು ಲೀಟರ್ ಎಣ್ಣೆಗೆ ಎರಡೂಕಾಲು, ಎರಡೂವರೆ ಕೆಜಿ ಬೀಜ ಬೇಕು. ಬೀಜ ಕೆಜಿಗೆ 130 ರೂಪಾಯಿ ಅಂತ ಇಟ್ಟುಕೊಳ್ಳಿ. ಬರೀ ಬೀಜಕ್ಕೇ 300ರ ಆಸುಪಾಸು ಆಯಿತು. ಹಿಂಡಿ ಮಾರಿದರೆ ಸ್ವಲ್ಪ ವಾಪಸ್ ಬರುತ್ತದೆ, ಸರಿ. ಆದರೆ ಕರೆಂಟು, ಕೂಲಿ, ಬಾಟಲಿ ಎಲ್ಲ ಸೇರಿಸಿ 200 ರೂಪಾಯಿಗೆ ಹೇಗೆ ಕೊಡುತ್ತಾರೆ? ಒಂದೋ ಹಳೆಯ, ಮುಗ್ಗಿದ ಬೀಜ ಹಾಕಿರಬೇಕು, ಇಲ್ಲವೇ ಬೇರೆ ಎಣ್ಣೆ ಬೆರೆಸಿರಬೇಕು. ಮೂರನೆಯ ದಾರಿ ನನಗಂತೂ ಹೊಳೆದಿಲ್ಲ. ಬೀಜದ ದರ ಏರಿಳಿಯುತ್ತದೆ, ಆದರೆ ಈ ಲೆಕ್ಕದ ರೀತಿ ಬದಲಾಗುವುದಿಲ್ಲ. ಎಲ್ಲಿ ಕೊಂಡರೂ ಮೊದಲು ಬೀಜದ ದರ ಕೇಳಿ, ಆಮೇಲೆ ಎಣ್ಣೆಯ ದರ ಕೇಳಿ.

ಗಾಣ ಅಂದ ತಕ್ಷಣ ಎತ್ತು ಕಣ್ಣ ಮುಂದೆ ಬರುತ್ತದೆ. ಈಗ ಹೆಚ್ಚಿನವು ಮೋಟರಿನ ಗಾಣಗಳೇ, ಅದರಲ್ಲಿ ತಪ್ಪೇನೂ ಇಲ್ಲ. ಮರದ ಒನಕೆ ನಿಧಾನವಾಗಿ ತಿರುಗಬೇಕು, ಎಣ್ಣೆ ಬಿಸಿಯಾಗಬಾರದು, ಅಷ್ಟೇ ಮುಖ್ಯ. ನಾನು ಪಾವಗಡ, ಶಿರಾ ಕಡೆಯ ಬೀಜ ಹಾಕಿಸಿದ ಎಣ್ಣೆ ತರಿಸುತ್ತೇನೆ. ಮುಚ್ಚಳ ತೆಗೆದರೆ ಹುರಿಯದ ಕಡಲೆಬೀಜದ ವಾಸನೆ ಬರಬೇಕು. ತಳದಲ್ಲಿ ಸ್ವಲ್ಪ ಗಸಿ ಇದ್ದರೆ ಹೆದರಬೇಡಿ. ಬಾಣಲೆಗೆ ಬೋಂಡ ಬಿಟ್ಟಾಗ ನೊರೆ ಏಳುತ್ತದೆ, ಅದಕ್ಕೂ ಹೆದರಬೇಡಿ. ರಿಫೈನ್ ಮಾಡುವಾಗ ತೆಗೆದುಹಾಕುವ ಅಂಟಿನಂಥ ಅಂಶ ಇದರಲ್ಲಿ ಉಳಿದಿರುತ್ತದೆ, ನೊರೆ ಬರುವುದು ಅದರಿಂದ. ಆದರೆ ಕಮಟು ವಾಸನೆ ಬಂದರೆ ಮುಲಾಜಿಲ್ಲದೆ ವಾಪಸ್ ಕೊಡಿ. ಈ ಎಣ್ಣೆ ರಿಫೈನ್ ಎಣ್ಣೆಯಷ್ಟು ದಿನ ತಡೆಯುವುದಿಲ್ಲ. ಐದು ಲೀಟರ್ ಡಬ್ಬ ತಗೊಂಡು ಒಲೆ ಪಕ್ಕ ಇಡುವವರಿಗೆ ನಾನೇ ಒಂದು ಲೀಟರ್ ಸಾಕು ಅನ್ನುತ್ತೇನೆ.

ಕೊಬ್ಬರಿ ಎಣ್ಣೆಗೆ ಡಿಸೆಂಬರ್, ಜನವರಿಯಲ್ಲಿ ಒಂದು ದೂರು ತಪ್ಪದೆ ಬರುತ್ತದೆ. ಗಟ್ಟಿಯಾಗಿದೆ, ಡಾಲ್ಡಾ ಬೆರೆಸಿದ್ದೀರಾ ಅಂತ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮೂರಿನ ಚಳಿಗಾಲದ ಬೆಳಗ್ಗೆ ಅದು ಗಟ್ಟಿಯಾಗದಿದ್ದರೆ ಅನುಮಾನ ಪಡಬೇಕು. ಇನ್ನು ತಿಪಟೂರು ಉಂಡೆ ಕೊಬ್ಬರಿಯ ಎಣ್ಣೆ ಅಂತ ಮಾರುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಒಳ್ಳೆಯ ಉಂಡೆ ಕೊಬ್ಬರಿ ತಿನ್ನುವುದಕ್ಕೆ ಹೋಗುವ ಮಾಲು. ಆ ದರಕ್ಕೆ ಕೊಂಡು ಗಾಣಕ್ಕೆ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಒಡೆದ ಕೊಬ್ಬರಿಯಿಂದ ತೆಗೆದಿದ್ದು ಅಂತ ನಿಜ ಹೇಳಿದರೆ ಅದೇ ಎಣ್ಣೆಯನ್ನು ಖುಷಿಯಾಗಿ ಕೊಳ್ಳುತ್ತೇನೆ.

ಸಿರಿಧಾನ್ಯದಲ್ಲಿ ಸಾವಯವ ಹೌದೋ ಅಲ್ಲವೋ ಅನ್ನುವುದಕ್ಕಿಂತ ಪಾಲಿಶ್ ಆಗಿದೆಯೋ ಇಲ್ಲವೋ ಅನ್ನುವುದು ದೊಡ್ಡ ಪ್ರಶ್ನೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆದ ಮೇಲೆ ಎಲ್ಲ ಅಂಗಡಿಯಲ್ಲೂ ಸಾಮೆ, ನವಣೆ, ಬರಗು ಕಾಣುತ್ತಿವೆ. ಒಳ್ಳೆಯದೇ. ಆದರೆ ಎಷ್ಟೋ ಪ್ಯಾಕೆಟ್ಟುಗಳಲ್ಲಿ ಸಾಮೆ ಸಣ್ಣಕ್ಕಿಯ ಹಾಗೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ತೌಡು ಪೂರ್ತಿ ಹೋಗಿದೆ ಅಂತ ಅರ್ಥ. ನಾರು ಬೇಕು ಅಂತ ಸಿರಿಧಾನ್ಯ ಕೊಂಡು, ನಾರು ತೆಗೆದ ಸಿರಿಧಾನ್ಯ ತಿಂದರೆ ಏನು ಬಂತು? ತೌಡು ಉಳಿದ ಕಾಳು ಮಂಕಾಗಿರುತ್ತದೆ, ಬಣ್ಣ ಒಂದೇ ಸಮ ಇರುವುದಿಲ್ಲ, ಬೇಯಲು ಹೊತ್ತು ಹಿಡಿಯುತ್ತದೆ. ಎಣ್ಣೆಯಂಶ ಇರುವುದರಿಂದ ಎರಡು ಮೂರು ತಿಂಗಳಿಗೆ ವಾಸನೆ ಬರುತ್ತದೆ, ಹುಳವೂ ಬೀಳುತ್ತದೆ. ದೊಡ್ಡ ಅಂಗಡಿಗಳು ಪಾಲಿಶ್ ಮಾಡಿದ್ದನ್ನೇ ಇಷ್ಟಪಡುವುದು ಇದೇ ಕಾರಣಕ್ಕೆ. ಶೆಲ್ಫಿನಲ್ಲಿ ವರ್ಷಗಟ್ಟಲೆ ಕೂರುತ್ತದೆ, ಅಲ್ವಾ?

ಒಂದು ಧಾನ್ಯದ ಬಗ್ಗೆ ಮಾತ್ರ ನನಗೆ ಪಕ್ಷಪಾತ ಇದೆ. ಕೊರಲೆ. ಮಧುಗಿರಿ, ಶಿರಾ, ಪಾವಗಡದ ಒಣ ಹೊಲಗಳಲ್ಲಿ ಹಿಂದಿನಿಂದ ಬೆಳೆದುಕೊಂಡು ಬಂದಿದ್ದು. ಕಾಳು ಸಣ್ಣದು, ಸಿಪ್ಪೆ ಬಿಡಿಸುವುದು ಕಷ್ಟ, ಅದಕ್ಕೆ ದರ ಜಾಸ್ತಿ. ಆದರೂ ಆರು ಏಳು ಗಂಟೆ ನೆನೆಸಿ ಬೇಯಿಸಿ, ಮೊಸರಿನ ಬದಲು ಹುಳಿಸಾರಿನ ಜೊತೆ ತಿಂದು ನೋಡಿ. ವೀಗನ್ ಗಿರಾಕಿಗಳಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಸಾವಯವ ಮಾಲಿನಲ್ಲಿ ಹುಳ ಬಿದ್ದರೆ ಅದು ಸಾವಯವಕ್ಕೆ ಸಾಕ್ಷಿ ಅಂತ ಕೆಲವು ಅಂಗಡಿಯವರು ಗಿರಾಕಿಗೆ ಸಮಾಧಾನ ಹೇಳುತ್ತಾರೆ. ನನಗೆ ಇದು ಸುಮ್ನೆ ತಪ್ಪಿಸಿಕೊಳ್ಳುವ ಮಾತು ಅನ್ನಿಸುತ್ತದೆ. ವಿಷದ ಹೊಗೆ ಹಾಕುವುದಿಲ್ಲ, ನಿಜ. ಆದರೆ ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪು ಹಾಕಿ, ಬೇಳೆಗೆ ಹರಳೆಣ್ಣೆ ಸವರಿ ಇಡುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಹುಳ ಬಿದ್ದರೆ ಅಂಗಡಿಯವರು ಬದಲಿಸಿ ಕೊಡಬೇಕು.

ಈಗ ಚೀಟಿ, ಲೋಗೋ ವಿಷಯ. ಪ್ಯಾಕೆಟ್ ಹಿಂದಿನ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ತೋರಿಸಿ "ಸರ್ಟಿಫಿಕೇಟ್ ಇದೆ ನೋಡಿ" ಅನ್ನುವವರಿದ್ದಾರೆ. ಅದು ಆಹಾರ ಮಾರುವುದಕ್ಕೆ ಕೊಟ್ಟ ಲೈಸೆನ್ಸ್. ಚಿಪ್ಸ್ ಪ್ಯಾಕೆಟ್ ಮೇಲೂ ಇರುತ್ತದೆ. "ನ್ಯಾಚುರಲ್", "ಕೆಮಿಕಲ್ ಫ್ರೀ", "ಫಾರ್ಮ್ ಫ್ರೆಶ್" ಅಂತ ಬರೆದಿದ್ದರೂ ಅದು ಸಾವಯವಕ್ಕೆ ಪ್ರಮಾಣ ಅಲ್ಲ. 2017ರ ನಿಯಮದ ಪ್ರಕಾರ ಜೈವಿಕ್ ಭಾರತ್ ಲೋಗೋ ಇರಬೇಕಿತ್ತು, 2025ರಲ್ಲಿ ಅದರ ಜಾಗಕ್ಕೆ ಇಂಡಿಯಾ ಆರ್ಗ್ಯಾನಿಕ್ ಅನ್ನುವ ಒಂದೇ ಲೋಗೋ ಬಂತು. ಸಾವಯವ ಅಂತ ಪ್ರಮಾಣಪತ್ರ ಕೊಡಲು ಸರ್ಕಾರದ ಎರಡು ಪದ್ಧತಿ ಇವೆ. ಎನ್‌ಪಿಒಪಿಯಲ್ಲಿ ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುತ್ತದೆ. ಪಿಜಿಎಸ್‌ನಲ್ಲಿ ರೈತರ ಗುಂಪಿನವರೇ ಒಬ್ಬರ ಹೊಲ ಇನ್ನೊಬ್ಬರು ನೋಡುತ್ತಾರೆ. ರಾಸಾಯನಿಕ ಬಿಟ್ಟ ಮಾರನೇ ದಿನ ಹೊಲ ಸಾವಯವ ಆಗುವುದಿಲ್ಲ. ಎನ್‌ಪಿಒಪಿಯಲ್ಲಿ ರಾಗಿ, ತೊಗರಿಯಂಥ ಬೆಳೆಗೆ ಸಾಮಾನ್ಯವಾಗಿ ಎರಡು ವರ್ಷ, ತೆಂಗು, ಮಾವಿನಂಥವಕ್ಕೆ ಮೂರು ವರ್ಷ ಕಾಯಬೇಕು.

ದೂರದಿಂದ ಬರುವ ಮಾಲಿಗೆ ನಾನು ಎರಡು ಕಾಗದ ಕೇಳುತ್ತೇನೆ. ಒಂದು, ಆ ಘಟಕಕ್ಕೆ ಯಾವ ಯಾವ ಪದಾರ್ಥಕ್ಕೆ ಅನುಮತಿ ಇದೆ ಅನ್ನುವ ಸ್ಕೋಪ್ ಸರ್ಟಿಫಿಕೇಟ್. ಇನ್ನೊಂದು, ಈ ಲೋಡಿಗೇ ಸಂಬಂಧಪಟ್ಟ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್. ಒಬ್ಬ ಸಪ್ಲೈಯರ್ ಅರಿಶಿನಕ್ಕೆ ಸಿಕ್ಕ ಸರ್ಟಿಫಿಕೇಟ್ ಹಿಡಿದುಕೊಂಡು ಉದ್ದಿನಬೇಳೆ ಮಾರಲು ಬಂದಿದ್ದರು. ಕಾಗದ ಅಸಲಿ, ಬೇಳೆಗೂ ಅದಕ್ಕೂ ಸಂಬಂಧ ಇಲ್ಲ. ಬಾಗಿಲಿಂದಲೇ ಕಳಿಸಿದೆ. ಹತ್ತಿರದ ಸಣ್ಣ ರೈತರ ವಿಷಯ ಬೇರೆ. ಅವರು ತಮ್ಮ ಬೆಳೆಯನ್ನು ನೇರವಾಗಿ ತಿನ್ನುವವರಿಗೆ ಮಾರಲು ಕಾನೂನಿನಲ್ಲೇ ವಿನಾಯಿತಿ ಇದೆ. ಹಾಗಾಗಿ ಸರ್ಟಿಫಿಕೇಟ್ ಇಲ್ಲ ಅಂತ ಅವರನ್ನು ದೂರ ಇಡಬೇಡಿ. ಹೊಲ ನೋಡಲು ಬರಬಹುದಾ ಅಂತ ಕೇಳಿ. ಆ ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ಗೊತ್ತಾಗುತ್ತದೆ.

ತರಕಾರಿ, ಹಣ್ಣು ನಾನು ಮಾರುವುದಿಲ್ಲ, ನಿಭಾಯಿಸಲು ಆಗುವುದಿಲ್ಲ. ಆದರೆ ನನ್ನನ್ನು ಕೇಳಿದರೆ ಸಾವಯವದ ದುಡ್ಡು ಅಲ್ಲಿ ಹಾಕಿ ಅನ್ನುತ್ತೇನೆ. ದ್ರಾಕ್ಷಿ, ಟೊಮೆಟೊ, ಹೂಕೋಸು, ಕ್ಯಾಪ್ಸಿಕಂ, ಹಸಿಮೆಣಸಿನಕಾಯಿ, ಔಷಧಿ ಜಾಸ್ತಿ ಬೀಳುವುದು ಇವಕ್ಕೆ.

ಇನ್ನು ವೀಗನ್ ಮಾಲು. ಹಸಿರು ಚುಕ್ಕೆ ಇದ್ದರೆ ಅದು ಸಸ್ಯಾಹಾರ ಅಷ್ಟೇ. ಹಾಲು, ತುಪ್ಪ, ಜೇನು ಇರಬಹುದು. 2022ರ ನಿಯಮ ಬಂದ ಮೇಲೆ ವೀಗನ್‌ಗೆ ಬೇರೆ ಲೋಗೋ ಇದೆ, ಹಸಿರು ಬಣ್ಣದ ಇಂಗ್ಲಿಷ್ ವಿ ಅಕ್ಷರಕ್ಕೆ ಒಂದು ಎಲೆ. ಲೋಗೋ ನೋಡಿ, ಆಮೇಲೆ ಪದಾರ್ಥಗಳ ಪಟ್ಟಿಯನ್ನೂ ಓದಿ. ಬಾದಾಮಿ ಹಾಲಿನ ಡಬ್ಬದ ಮೇಲೆ ಬಾದಾಮಿ ಚಿತ್ರ ದೊಡ್ಡದಾಗಿರುತ್ತದೆ, ಪಟ್ಟಿಯಲ್ಲಿ ನೀರೇ ಮೊದಲು. ಬಾದಾಮಿ ನೂರಕ್ಕೆ ಎಷ್ಟು ಅಂತ ನೋಡಿ, ಸಕ್ಕರೆ ಎಷ್ಟನೆಯ ಸ್ಥಾನದಲ್ಲಿದೆ ನೋಡಿ. ಓಟ್ಸ್ ಹಾಲು ಸಕ್ಕರೆ ಹಾಕದಿದ್ದರೂ ಸಿಹಿ ಇರುತ್ತದೆ, ತಯಾರಿಸುವಾಗ ಓಟ್ಸ್‌ನ ಪಿಷ್ಟವೇ ಒಡೆದು ಸಿಹಿಯಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಗಮನಿಸಿ. ಪ್ರೋಟೀನ್ ಬೇಕು ಅನ್ನುವವರಿಗೆ ಸಾದಾ ಸೋಯಾ ಹಾಲೇ ಸರಿ, ಈ ಮೂರರಲ್ಲಿ ಅದೊಂದೇ ಹಸುವಿನ ಹಾಲಿನ ಹತ್ತಿರ ಬರುವುದು. ಆದರೆ ಫಿಲ್ಟರ್ ಕಾಫಿಗೆ ಹಾಕಿದರೆ ಒಡೆಯುತ್ತದೆ. ಹಾಲನ್ನು ಚೆನ್ನಾಗಿ ಬಿಸಿ ಮಾಡಿ, ಡಿಕಾಕ್ಷನ್ ಸ್ವಲ್ಪ ಸ್ವಲ್ಪವೇ ಬಿಟ್ಟರೆ ಪರವಾಗಿಲ್ಲ. ಕಾಫಿಗೆ ಓಟ್ಸ್ ಹಾಲು ವಾಸಿ. ಪಾಯಸಕ್ಕೆ, ಒತ್ತು ಶಾವಿಗೆಗೆ ಮಾತ್ರ ಇವು ಯಾವುದನ್ನೂ ಕೊಳ್ಳಬೇಡಿ. ಕಾಯಿಹಾಲು ಇದೆಯಲ್ಲ! ತೆಂಗಿನ ಜಿಲ್ಲೆಯಲ್ಲಿ ಕೂತು ಟೆಟ್ರಾ ಪ್ಯಾಕ್ ಕತ್ತರಿಸುವುದು ನನಗಂತೂ ನಗು ಬರಿಸುತ್ತದೆ.

ತೋಫು ಒಳ್ಳೆಯ ಮಾಲು. ವೀಗನ್ ಸಾಮಾನಿನಲ್ಲಿ ನಾನು ಯಾವ ಅಳುಕೂ ಇಲ್ಲದೆ ಹೇಳಬಹುದಾದ್ದು ಇದೊಂದೇ. ಬರೀ ಸೋಯಾ, ನೀರು, ಹೆಪ್ಪಿಗೆ ಒಂದು ಉಪ್ಪು. ಹಸಿ ವಾಸನೆ ಜಾಸ್ತಿ ಇದ್ದರೆ ಸೋಯಾ ಹಾಲು ಸರಿಯಾಗಿ ಕುದಿಸಿಲ್ಲ ಅಂತ. ಪ್ಯಾಕೆಟ್ ಉಬ್ಬಿದ್ದರೆ ಮುಟ್ಟಬೇಡಿ. ತೆರೆದ ಮೇಲೆ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು ದಿನಾ ನೀರು ಬದಲಿಸಿ.

ವೀಗನ್ ಚೀಸ್ ತರಿಸುವುದು ನಿಲ್ಲಿಸಿದ್ದೇನೆ. ಪಿಷ್ಟ, ತೆಂಗಿನೆಣ್ಣೆ, ಉಪ್ಪು, ಪರಿಮಳ. ಪ್ರೋಟೀನ್ ಇಲ್ಲವೇ ಇಲ್ಲ ಅನ್ನಬಹುದು, ದರ ನೋಡಿದರೆ ತಲೆ ತಿರುಗುತ್ತದೆ. ಫ್ರೋಜನ್ ಸಾಸೇಜ್, ಕಬಾಬ್ ರುಚಿ ಚೆನ್ನಾಗಿದೆ. ತೊಂದರೆ ಇರುವುದು ದಾರಿಯಲ್ಲಿ. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ಅಷ್ಟೇ ಆದರೂ, ಒಬ್ಬ ಡಿಸ್ಟ್ರಿಬ್ಯೂಟರ್ ಸಾದಾ ವ್ಯಾನಿನಲ್ಲಿ ಕಳಿಸುತ್ತಿದ್ದರು. ಪ್ಯಾಕೆಟ್ ಒಳಗೆ ಐಸ್ ಗಡ್ಡೆ ಕಟ್ಟಿದ್ದರೆ ಕರಗಿ ಮತ್ತೆ ಹೆಪ್ಪುಗಟ್ಟಿರಬಹುದು. ಕೇಳಿದರೆ "ಎಲ್ಲ ಅಂಗಡಿಗೂ ಹಂಗೇ ಕಳಿಸೋದು ಮೇಡಂ" ಅಂದರು. ಆ ಲೆಕ್ಕ ಅಲ್ಲಿಗೇ ಮುಗಿಯಿತು.

ಪೂರ್ತಿ ವೀಗನ್ ಆದವರಿಗೆ ಒಂದು ಮಾತು. ಬಿ12 ಸೊಪ್ಪು, ಕಾಳಿನಿಂದ ಸಿಗುವುದಿಲ್ಲ. ಬಿ12 ಸೇರಿಸಿದ ಪದಾರ್ಥ ಬೇಕು ಅಥವಾ ಡಾಕ್ಟರ್ ಹತ್ತಿರ ಕೇಳಿ ಮಾತ್ರೆ ತಗೊಳ್ಳಿ. ಸಿರಿಧಾನ್ಯದಿಂದ ಎಲ್ಲ ಸಿಗುತ್ತದೆ ಅಂತ ಹೇಳುವ ಅಂಗಡಿಯವರ ಮಾತು ಕೇಳಬೇಡಿ.

ಬೆಲ್ಲ ಬಂಗಾರದ ಹಾಗೆ ಹಳದಿ ಇದ್ದರೆ ಬಿಡಿ, ಬಣ್ಣಕ್ಕೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿರುವ ಸಾಧ್ಯತೆ ಜಾಸ್ತಿ. ಕಂದು ಬಣ್ಣದ್ದು ತಗೊಳ್ಳಿ. ಆದರೆ ಕಪ್ಪಾಗಿದ್ದ ಮಾತ್ರಕ್ಕೆ ಸಾವಯವ ಅಲ್ಲ, ತಳ ಹಿಡಿದ ಬೆಲ್ಲವೂ ಕಪ್ಪಗೇ ಇರುತ್ತದೆ. ಚೂರು ಬಾಯಿಗೆ ಹಾಕಿ ನೋಡಿ.

ಮಾಂಸದ ಬದಲಿಗೆ ಅಂತ ಡಬ್ಬದಲ್ಲಿ ಬರುವ ಎಳೆ ಹಲಸನ್ನೂ ಕೆಲವರು ಕೇಳುತ್ತಾರೆ. ಗುಬ್ಬಿ ತಾಲ್ಲೂಕಿನ ಚೇಳೂರಿನಿಂದ ಸಿದ್ದು ಹಲಸು ಹೆಸರು ಮಾಡಿದೆ, ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದವರು ಸಸಿ ಮಾಡಿ ಕೊಡುತ್ತಾರೆ, ಅದು ಹಣ್ಣಿಗೆ. ಎಳೆಕಾಯಿ ಬೇಕಾದರೆ ಬೇಸಿಗೆ ಶುರುವಿನಲ್ಲಿ ಅಂತರಸನಹಳ್ಳಿ ಮಾರುಕಟ್ಟೆ ಕಡೆ ಒಂದು ಸುತ್ತು ಹಾಕಿ. ಡಬ್ಬದ್ದು ಉಪ್ಪುನೀರಿನಲ್ಲಿ ನೆಂದು ಸಪ್ಪೆಯಾಗಿರುತ್ತದೆ, ದರವೂ ಜಾಸ್ತಿ. ಕೈಗೆ ಎಣ್ಣೆ ಹಚ್ಚಿಕೊಂಡು ಮೇಣದ ಜೊತೆ ಗುದ್ದಾಡಲು ಪುರಸೊತ್ತಿಲ್ಲದವರಿಗೆ ಅಂತ ಒಂದೆರಡು ಡಬ್ಬ ಇಟ್ಟಿರುತ್ತೇನೆ, ಕೇಳಿದರೆ ಮಾತ್ರ ತೆಗೆದು ಕೊಡುತ್ತೇನೆ.