ಶೆರ್ಬೂರ್ ಬಂದರಿನ ಯುದ್ಧ ಪ್ರವಾಸ: ಬಂದರು ಹಿಡಿದ ಮೇಲಿನ ಕಥೆ ಕೇಳಬೇಕು ಅಂದ್ರೆ ಹೋಗಿ

ಫ್ರಾನ್ಸಿನ ನಾರ್ಮಂಡಿಗೆ ಹೋದವರು ಸಾಮಾನ್ಯವಾಗಿ ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ ಸೈನ್ಯ ಬಂದಿಳಿದ ಒಮಾಹಾ, ಯೂಟಾ ಕಡಲತೀರ ನೋಡಿ, ಸೈನಿಕರ ಸಮಾಧಿಗಳ ಮುಂದೆ ಸ್ವಲ್ಪ ಹೊತ್ತು ನಿಂತು ವಾಪಸ್ ಬರುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಈ ಸಲ ಶೆರ್ಬೂರ್‌ನಲ್ಲಿ ಒಂದು ರಾತ್ರಿ ಉಳಿದು, ಒಂದು ಸಣ್ಣ ಸಂಸ್ಥೆ ನಡೆಸುವ ನಾಲ್ಕು ಗಂಟೆಯ ಪ್ರವಾಸಕ್ಕೆ ಸೇರಿಕೊಂಡೆ. 1944ರ ಜೂನ್‌ನಲ್ಲಿ ಅಮೆರಿಕನ್ ಸೈನಿಕರು ಜರ್ಮನ್ನರ ಕೈಲಿದ್ದ ಈ ಬಂದರನ್ನು ಹೇಗೆ ಹಿಡಿದರು, ಆಮೇಲೆ ಹಾಳುಬಿದ್ದ ಬಂದರನ್ನು ಹೇಗೆ ಮತ್ತೆ ಬಳಕೆಗೆ ತಂದರು ಅನ್ನೋದು ವಿಷಯ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಎಂಟು ಜನರ ವ್ಯಾನು, ರೈಲು ನಿಲ್ದಾಣದ ಹತ್ತಿರ ಹತ್ತಿಸಿಕೊಂಡರು. ಮೊದಲು ಹೋಗಿದ್ದು ಊರಿನ ನೆತ್ತಿಯ ಮೇಲಿರುವ ರೂಲ್ ಗುಡ್ಡಕ್ಕೆ. ಮೇಲೆ ನಿಂತರೆ ಇಡೀ ಬಂದರು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ಊರು, ಧಕ್ಕೆಗಳು, ಆಚೆಗೆ ಸಮುದ್ರದ ಮಧ್ಯೆ ಮೂರೂವರೆ ಕಿಲೋಮೀಟರಿಗೂ ಜಾಸ್ತಿ ಉದ್ದದ ತಡೆಗೋಡೆ. ಆ ಗೋಡೆಯ ಕೆಲಸ 1780ರ ದಶಕದಲ್ಲಿ ಶುರುವಾಗಿ ಮುಗಿದದ್ದು 1853ರಲ್ಲಂತೆ. ಗೈಡ್ ಒಂದು ಹಳೆಯ ಫೋಟೋವನ್ನು ಕಣ್ಣಮುಂದಿನ ನೋಟಕ್ಕೆ ಸರಿಯಾಗಿ ಹಿಡಿದು ತೋರಿಸಿದರು. ಅದೇ ಬಂದರು, ಆದರೆ ನೀರಿನ ತುಂಬ ಮುರಿದ ಕ್ರೇನುಗಳು, ಹಡಗಿನ ತುದಿಗಳು.

ಈ ಊರೇ ಯಾಕೆ ಬೇಕಿತ್ತು ಅನ್ನೋದನ್ನು ಅವರು ಚೆನ್ನಾಗಿ ಬಿಡಿಸಿ ಹೇಳಿದರು. ಕಡಲತೀರದಲ್ಲಿ ಸೈನ್ಯ ಇಳಿಸಬಹುದು, ಆದರೆ ಆ ಸೈನ್ಯಕ್ಕೆ ದಿನಾ ಅನ್ನ, ಪೆಟ್ರೋಲು, ಮದ್ದುಗುಂಡು ಕೊಡಬೇಕಲ್ವಾ? ಅದಕ್ಕೇ ಮಿತ್ರರಾಷ್ಟ್ರಗಳು ಇಂಗ್ಲೆಂಡಿನಿಂದ ಎರಡು ಕೃತಕ ಬಂದರುಗಳನ್ನು ತುಂಡು ತುಂಡಾಗಿ ಎಳೆದು ತಂದಿದ್ದರು. ಜೂನ್ 19ಕ್ಕೆ ಬಿರುಗಾಳಿ ಎದ್ದು ಮೂರು ದಿನ ಬಿಡಲಿಲ್ಲ, ಒಮಾಹಾದಲ್ಲಿದ್ದ ಅಮೆರಿಕನ್ನರ ಕೃತಕ ಬಂದರು ಮತ್ತೆ ಕಟ್ಟೋಕೆ ಆಗದಷ್ಟು ಹಾಳಾಯಿತು. ಅರೊಮಾಂಶ್‌ನಲ್ಲಿದ್ದ ಬ್ರಿಟಿಷರದ್ದು ಉಳಿಯಿತು. ಆ ಹೊತ್ತಿಗೆ ಅಮೆರಿಕದ ಜನರಲ್ ಕಾಲಿನ್ಸ್ ಅವರ ಏಳನೇ ಕೋರ್ (ಹಲವು ಡಿವಿಷನ್‌ಗಳ ದೊಡ್ಡ ಸೇನಾಪಡೆ) ಪಶ್ಚಿಮ ಕರಾವಳಿ ಮುಟ್ಟಿ, ಶೆರ್ಬೂರ್ ಇರುವ ಪರ್ಯಾಯ ದ್ವೀಪವನ್ನು ಅಡ್ಡಕ್ಕೆ ಸೀಳಿ, ಉತ್ತರಕ್ಕೆ ತಿರುಗಿತ್ತು. ಜೂನ್ 22ಕ್ಕೆ ಶೆರ್ಬೂರ್ ಮೇಲೆ ದೊಡ್ಡ ದಾಳಿ ಶುರು.

ಗುಡ್ಡದ ಮೇಲಿನ ಕೋಟೆಯ ಹೋರಾಟದ ಕಥೆ ಕೇಳುವಾಗ ಯಾರೂ ಮಾತಾಡಲಿಲ್ಲ. ಕೆಲ್ಲಿ ಅನ್ನೋ ಕಾರ್ಪೊರಲ್ ಉದ್ದದ ಕೋಲಿನ ತುದಿಗೆ ಟಿಎನ್‌ಟಿ ಸ್ಫೋಟಕ ಕಟ್ಟಿಕೊಂಡು, ಗುಂಡಿನ ಮಳೆಯಲ್ಲಿ ಆ ಇಳಿಜಾರನ್ನು ಒಂದಲ್ಲ ಮೂರು ಸಲ ಹತ್ತಿದ. ಮೊದಲ ಸಲ ಏನೂ ಪ್ರಯೋಜನ ಆಗಲಿಲ್ಲ. ಮತ್ತೆ ಹೋದ. ಅವನಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಸಿಕ್ಕಿತು, ಆದರೆ ಅದನ್ನು ತೊಟ್ಟುಕೊಳ್ಳಲು ಅವನು ಬದುಕಿರಲಿಲ್ಲ, ಅದೇ ವರ್ಷ ನವೆಂಬರ್‌ನಲ್ಲಿ ತೀರಿಕೊಂಡಿದ್ದ. ಕೋಟೆಯ ಮೇಲ್ಭಾಗ ಕೈಗೆ ಬಂದಮೇಲೂ ಕೆಳಗೆ, ಬಂಡೆಯ ಹೊಟ್ಟೆಯೊಳಗಿದ್ದ ಜರ್ಮನ್ ತೋಪುಗಳು ಗುಂಡು ಹಾರಿಸುತ್ತಲೇ ಇದ್ದವು. ಮೇಲಿನಿಂದ ಸ್ಫೋಟಕ ಇಳಿಬಿಟ್ಟು ಅವುಗಳ ಬಾಯಿ ಮುಚ್ಚಿಸಬೇಕಾಯಿತು. ಆ ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದಾಗ ನನ್ನ ಕಾಲು ನಿಜಕ್ಕೂ ನಡುಗಿತು.

ಇಲ್ಲೇ ನನ್ನ ಮೊದಲ ದೂರು. ಗುಡ್ಡದ ಮೇಲೆ ಕೊಟ್ಟದ್ದು ಬರೀ 25 ನಿಮಿಷ. ಗಾಳಿ ಜೋರು, ಗೈಡ್ ಹತ್ತಿರ ಮೈಕ್ ಇಲ್ಲ, ಹಿಂದೆ ನಿಂತವರಿಗೆ ಅರ್ಧ ಮಾತು ಕೇಳಲೇ ಇಲ್ಲ. ಕೋಟೆಯೊಳಗೆ 1954ರಲ್ಲಿ ತೆರೆದ ವಿಮೋಚನೆಯ ಮ್ಯೂಸಿಯಂ ಇದೆ, ಅದು ಈ ಪ್ರವಾಸದಲ್ಲಿ ಸೇರಿಲ್ಲ. ಬುಕ್ ಮಾಡುವಾಗ ಅದನ್ನು ಸ್ಪಷ್ಟವಾಗಿ ಹೇಳಬೇಕಿತ್ತು.

ಶರಣಾಗತಿಯ ಭಾಗ ಬೇಗ ಮುಗಿಯಿತು. ಶೆರ್ಬೂರ್‌ನ ಜರ್ಮನ್ ಸೇನಾಧಿಕಾರಿ ಜನರಲ್ ಫಾನ್ ಶ್ಲೀಬೆನ್ ಜೂನ್ 26ಕ್ಕೆ ಸುರಂಗದಿಂದ ಹೊರಗೆ ಬಂದು ಶರಣಾದರು, ಆದರೆ ಉಳಿದವರಿಗೆ ಶರಣಾಗಿ ಅಂತ ಹೇಳಲು ಒಪ್ಪಲಿಲ್ಲ. ಹಾಗಾಗಿ ಕಾದಾಟ ಇನ್ನೂ ಕೆಲವು ದಿನ ಎಳೆಯಿತು. ಶ್ಲೀಬೆನ್ ಶರಣಾದ ಮಾರನೇ ದಿನ ಕಾಲಿನ್ಸ್ ಊರಿನ ಮೇಯರ್‌ಗೆ ಪ್ಯಾರಾಚೂಟ್ ಬಟ್ಟೆಯಿಂದ ಹೊಲಿದ ಫ್ರೆಂಚ್ ಬಾವುಟ ಕೊಟ್ಟರು. ಪುರಭವನದ ಮುಂದೆ ವ್ಯಾನು ಎರಡು ನಿಮಿಷ ನಿಂತಿತು, ಅಷ್ಟೇ.

ಆಮೇಲೆ ಬಂದರಿಗೆ ಇಳಿದೆವು. ಈ ಪ್ರವಾಸದ ಜೀವ ಇರೋದೇ ಇಲ್ಲಿ. ಬೇರೆ ಕಡೆಯೆಲ್ಲ ಊರು ಬಿತ್ತು, ಬಾವುಟ ಏರಿತು ಅಂದಮೇಲೆ ಕಥೆ ಮುಗಿಸಿಬಿಡುತ್ತಾರೆ. ಇವರು ಅಲ್ಲಿಂದಲೇ ಉಸಿರೆಳೆದುಕೊಂಡು ಶುರು ಮಾಡಿದರು, ಪೂರ್ತಿ ಎರಡು ಗಂಟೆ ಧಕ್ಕೆಯ ಉದ್ದಕ್ಕೂ ನಡೆಸಿದರು.

ಹಿಡಿದ ಬಂದರು ಬಂದರಾಗಿಯೇ ಇರಲಿಲ್ಲ. 1912ರಲ್ಲಿ ಟೈಟಾನಿಕ್ ಬಂದು ನಿಂತಿದ್ದ ಊರು ಇದು. 1933ರಲ್ಲಿ ಉದ್ಘಾಟನೆಯಾದ ಹಡಗು ಪ್ರಯಾಣಿಕರ ದೊಡ್ಡ ನಿಲ್ದಾಣವನ್ನು ಜರ್ಮನ್ನರು ಎರಡು ರೈಲು ಡಬ್ಬಿ ತುಂಬ ಸ್ಫೋಟಕ ಇಟ್ಟು ಉಡಾಯಿಸಿದ್ದರು. ಧಕ್ಕೆಯ ಗೋಡೆ ಒಡೆದು ನೀರಿಗೆ ಬಿದ್ದಿತ್ತು, ಕ್ರೇನುಗಳನ್ನೂ ನೀರಿಗೆ ಉರುಳಿಸಿದ್ದರು. ಒಳಗೆ ಬರುವ ದಾರಿಗೆ ಅಡ್ಡವಾಗಿ ತಿಮಿಂಗಿಲ ಬೇಟೆಯ ಒಂದು ಭಾರಿ ಹಡಗನ್ನು ಮುಳುಗಿಸಿದ್ದರು. ಈ ಕೆಲಸಕ್ಕೆ ಹಿಟ್ಲರ್ ಅಲ್ಲಿನ ಅಡ್ಮಿರಲ್ ಹೆನ್ನೆಕೆಗೆ ನೈಟ್ಸ್ ಕ್ರಾಸ್ ಪದಕವನ್ನೇ ಕೊಟ್ಟ.

ಜರ್ಮನ್ನರು ನೀರಿನೊಳಗೆ ಇಟ್ಟುಹೋದ ಸ್ಫೋಟಕಗಳು, ಅಂದರೆ ಮೈನುಗಳದ್ದು ಇನ್ನೊಂದು ಕಷ್ಟ. ಕೆಲವು ಹಡಗಿನ ಕಬ್ಬಿಣಕ್ಕೆ ಸಿಡಿಯುತ್ತಿದ್ದವು, ಕೆಲವು ಎಂಜಿನ್ ಸದ್ದಿಗೆ. ಇನ್ನು ಕೆಲವು ಒಂದಷ್ಟು ಹಡಗುಗಳನ್ನು ಸುಮ್ನೆ ದಾಟಲು ಬಿಟ್ಟು, ಎಣಿಕೆ ಮುಗಿದಮೇಲೆ ಸಿಡಿಯುವಂಥವು. ಅಂದರೆ ಇವತ್ತು ಗುಡಿಸಿ ಬಂದ ದಾರಿಯನ್ನೇ ನಾಳೆ ಮತ್ತೆ ಗುಡಿಸಬೇಕು, ನಾಳಿದ್ದು ಮತ್ತೆ. ಬ್ರಿಟಿಷ್ ಮತ್ತು ಅಮೆರಿಕನ್ ನಾವಿಕರು, ಡೈವರ್‌ಗಳು ಕಲಕಿದ ನೀರಿಗಿಳಿದು ಈ ಕೆಲಸ ಮಾಡಿದರು. ದಡದಲ್ಲಿ ಎಂಜಿನಿಯರ್ ದಳದವರು ಕಾದಾಟ ಪೂರ್ತಿ ನಿಲ್ಲುವ ಮೊದಲೇ ಬಂದು ಅಳತೆ ಹಾಕಿ, ಅವಶೇಷ ಬಾಚಿ, ಮರದ ಕಂಬ ನೆಟ್ಟು ಹೊಸ ಧಕ್ಕೆ ಕಟ್ಟಲು ಶುರು ಮಾಡಿದರು.

ಜುಲೈ 16ಕ್ಕೆ ಸರಕು ಹೊತ್ತ ಮೊದಲ ನಾಲ್ಕು ಲಿಬರ್ಟಿ ಹಡಗುಗಳು ಬಂದವು. ಕಟ್ಟಿ ನಿಲ್ಲಿಸಲು ಧಕ್ಕೆ ಇನ್ನೂ ಇಲ್ಲ. ಹೊರಗಿನ ನೀರಲ್ಲೇ ಲಂಗರು ಹಾಕಿದವು. ನೀರಲ್ಲೂ ನೆಲದಲ್ಲೂ ಓಡುವ ಡಕ್ ಲಾರಿಗಳು ಹಡಗಿನ ಪಕ್ಕಕ್ಕೆ ಈಜಿ ಹೋಗಿ, ಸಾಮಾನು ತುಂಬಿಕೊಂಡು, ದಡ ಹತ್ತಿ ನೇರ ರಸ್ತೆಗೆ ಬಂದವು. ಯುದ್ಧಕ್ಕೆ ಮೊದಲು ಇದು ಮುಖ್ಯವಾಗಿ ಪ್ರಯಾಣಿಕರ ಬಂದರು, ಸರಕು ಕಡಿಮೆ. ಅಂಥ ಬಂದರು ಅದೇ ನವೆಂಬರ್ ಒಂದೇ ತಿಂಗಳಲ್ಲಿ 4 ಲಕ್ಷ ಟನ್ನಿಗಿಂತ ಜಾಸ್ತಿ ಸರಕು ಇಳಿಸಿತು. ಈ ಅಂಕಿ ಕೇಳಿದಾಗ ನನಗೆ ಮೈ ಜುಂ ಅಂದಿತು.

ಎರಡನೇ ದೂರು, ಇದು ದೊಡ್ಡದು. ಆ ಸರಕನ್ನು ಇಳಿಸಿದವರಲ್ಲಿ, ಆಗಸ್ಟ್ 25ರಿಂದ ಮುಂಚೂಣಿಯ ಸೈನ್ಯಕ್ಕೆ ಸಾಮಾನು ಸಾಗಿಸಿದ ರೆಡ್ ಬಾಲ್ ಎಕ್ಸ್‌ಪ್ರೆಸ್ ಲಾರಿಗಳನ್ನು ಹಗಲು ರಾತ್ರಿ ಓಡಿಸಿದವರಲ್ಲಿ ಅಮೆರಿಕದ ಕಪ್ಪು ಸೈನಿಕರು ತುಂಬ ಜನ. ಲಾರಿ ಚಾಲಕರಲ್ಲಂತೂ ಮುಕ್ಕಾಲು ಪಾಲು ಅವರೇ. ಅವರದ್ದೇ ಸೈನ್ಯ ಅವರನ್ನು ಬೇರೆ ದಳಗಳಲ್ಲಿ ಇಟ್ಟಿದ್ದ ಕಾಲ ಅದು. ನಾನು ಕೇಳುವ ತನಕ ಈ ಮಾತು ಬರಲೇ ಇಲ್ಲ. ಕೇಳಿದ ಮೇಲೆ ಗೈಡ್ ಪ್ರೀತಿಯಿಂದ, ವಿವರವಾಗಿ ಹೇಳಿದರು, ಗೊತ್ತಿಲ್ಲದೆ ಬಿಟ್ಟದ್ದಲ್ಲ. ಹಾಗಾದರೆ ಕೇಳದವರಿಗೂ ಹೇಳಬೇಕು. ಒಂದು ಅಂಕ ಕಡಿಮೆ ಮಾಡಿದ್ದು ಮುಖ್ಯವಾಗಿ ಇದಕ್ಕೇ.

ಹೋಗುವವರಿಗೆ ಒಂದೆರಡು ಮಾತು. ಬೆಳಗಿನ ಪ್ರವಾಸಕ್ಕೇ ಹೋಗಿ, ಮಧ್ಯಾಹ್ನ ಮತ್ತೆ ರೂಲ್ ಗುಡ್ಡ ಹತ್ತಿ ನಿಧಾನಕ್ಕೆ ನೋಡಬಹುದು. ಗಾಳಿ, ಮಳೆ ತಡೆಯುವ ಜಾಕೆಟ್ ಬೇಕೇ ಬೇಕು, ಕೊಡೆ ನಿಲ್ಲುವುದಿಲ್ಲ. ಪ್ರವಾಸ ಮುಗಿಯುವುದು ಹಳೆಯ ಹಡಗು ನಿಲ್ದಾಣದ ಹತ್ತಿರ. ಉಳಿದ ಕಟ್ಟಡದಲ್ಲಿ ಈಗ ಸಿತೆ ದ ಲಾ ಮೇರ್ ಅನ್ನೋ ಸಮುದ್ರದ ಮ್ಯೂಸಿಯಂ ಇದೆ, ಪಕ್ಕದಲ್ಲಿ ಲ ರೆಡುಟಾಬ್ಲ್ ಜಲಾಂತರ್ಗಾಮಿ ನಿಂತಿದೆ. ಒಳಗೆ ಹೋಗುವ ಮುಂಚೆ ಧಕ್ಕೆಯ ಅಂಚಿಗೆ ಹೋಗಿ ಒಂದು ಸಲ ಕೆಳಗೆ ನೀರು ನೋಡಿ. ಡೈವರ್‌ಗಳು ಇಳಿದದ್ದು ಆ ನೀರಿಗೇ.