‘ನೂರಕ್ಕೆ ನೂರು ಕಾಟನ್’ ಎಂದು ನಂಬಿ ಜಲವರ್ಣದ ಕಾಗದ ಕೊಳ್ಳುವವರೇ, ಸ್ವಲ್ಪ ನಿಲ್ಲಿ

ಬೆಂಗಳೂರಿನ ಅಂಗಡಿಯೊಂದರಲ್ಲಿ 1,800 ರೂಪಾಯಿ ಕೊಟ್ಟು 20 ಹಾಳೆಗಳ ಕಟ್ಟು ತಂದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ), ಪೂರ್ತಿ ಹತ್ತಿಯ ಕಾಗದ ಎಂದರು. ಮಾದರಿಗೆ ಕೈಗಿತ್ತ ಹಾಳೆ ನಿಜಕ್ಕೂ ಹತ್ತಿಯದೇ. ಒಳಗಿನಿಂದ ತಂದುಕೊಟ್ಟ ಸೀಲ್ ಮಾಡಿದ ಕಟ್ಟು ಬೇರೆಯದು!

ಚಿತ್ರಸಂತೆಗೆಂದು ಹಂಪಿಯ ಮಾತಂಗ ಬೆಟ್ಟದಿಂದ ಕಾಣುವ ಮುಂಜಾವನ್ನು ಬರೆಯಲು ಕುಳಿತೆ. ಹಾಳೆ ಒದ್ದೆ ಮಾಡಿ ಆಕಾಶಕ್ಕೆ ತೆಳು ವಾಶ್, ಅಂದರೆ ನೀರು ಬೆರೆತ ಬಣ್ಣದ ಪದರ, ಎಳೆದರೆ, ಬಣ್ಣ ಹರಿಯಲೇ ಇಲ್ಲ. ಒತ್ತುಕಾಗದದಂತೆ ಅಲ್ಲಲ್ಲೇ ಹೀರಿಕೊಂಡಿತು. ಹದ ತಪ್ಪಿದ್ದು ನನ್ನದೇ ಎಂದುಕೊಂಡು ಮೂರು ಹಾಳೆ ಕೆಡಿಸಿದೆ. ನಾಲ್ಕನೆಯದರಲ್ಲಿ ಮೊದಲ ಪದರ ಪೂರ್ತಿ ಒಣಗುವವರೆಗೆ ಕಾದು, ಬಂಡೆಗಳ ನೆರಳಿಗೆ ಅಲ್ಟ್ರಾಮರೀನ್ ನೀಲಿಯ ಜೊತೆ ಬರ್ಂಟ್ ಸಿಯೆನ್ನಾ ಕಂದು ಬೆರೆಸಿ ಎರಡನೇ ಪದರ ಇಟ್ಟೆ. ಕೆಳಗಿನ ಬಣ್ಣ ಎದ್ದು ಬಂತು. ಅದರೊಂದಿಗೆ ಕಾಗದದ ಮೈಯೂ ಸಣ್ಣ ಉಂಡೆಗಳಾಗಿ ಕಿತ್ತು ಬಂತು. ಅಂಚಿನ ಟೇಪ್ ತೆಗೆದರೆ ಒಂದು ಪದರವೇ ಸುಲಿದು ಹೋಯಿತು.

ಅದೇ ಕುಂಚ, ಅದೇ ಬಣ್ಣದಲ್ಲಿ ನನ್ನಲ್ಲಿದ್ದ ಹಳೆಯ ಹತ್ತಿ ಕಾಗದದ ತುಂಡಿನ ಮೇಲೆ ಬರೆದು ನೋಡಿದೆ. ಪದರದ ಮೇಲೆ ಪದರ ಚೊಕ್ಕಟವಾಗಿ ಕೂತಿತು. ಆಗ ಕಟ್ಟಿನ ಹೊದಿಕೆಯನ್ನು ಬೆಳಕಿಗೆ ಹಿಡಿದು ಓದಿದೆ. ‘ಕಾಟನ್’ ಎಂಬ ದೊಡ್ಡ ಅಕ್ಷರದ ಕೆಳಗೆ, ಇರುವೆಯಷ್ಟು ಚಿಕ್ಕದಾಗಿ, ‘ಟೆಕ್ಸ್ಚರ್’! ಹತ್ತಿಯಂತೆ ತೋರುವ ಮೈ, ಅಷ್ಟೇ. ಹನ್ನೆರಡು ವರ್ಷಗಳಿಂದ ಬರೆಯುತ್ತಿರುವ ನಾನು ಅದನ್ನು ಓದದೆ ಹಣ ಕೊಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಅಂಗಡಿಗೆ ಫೋನ್ ಮಾಡಿದರೆ, “ಮೇಡಂ, ನೀರು ಹೆಚ್ಚಾಗಿರಬೇಕು” ಎಂದರು. ಜಲವರ್ಣಕ್ಕೆ ನೀರು ಹೆಚ್ಚಾಯಿತಂತೆ! ಖುದ್ದಾಗಿ ಹೋದೆ. “ಸೀಲ್ ಒಡೆದ ಮೇಲೆ ವಾಪಸ್ ಇಲ್ಲ.” ಒಡೆಯದೆ ತಿಳಿಯುವುದು ಹೇಗೆ ಎಂದು ಕೇಳಿದೆ. “ಉಳಿದದ್ದನ್ನು ಮಕ್ಕಳ ಕ್ಲಾಸಿಗೆ ಕೊಡಿ, ಅವರಿಗೇನು ಗೊತ್ತಾಗುತ್ತದೆ?” ಈ ಮಾತು ಹಣಕ್ಕಿಂತ ಹೆಚ್ಚು ಚುಚ್ಚಿತು. ಮೊದಲ ವಾಶ್ ಕಲಿಯುವ ಮಗು ಈ ಹಾಳೆಯ ಮೇಲೆ ಸೋತರೆ ತನ್ನ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತದೆ, ನಾನು ಅಂದುಕೊಂಡ ಹಾಗೆಯೇ.

ಕಟ್ಟು ಕೊಳ್ಳುವ ಮೊದಲು ಬಿಡಿ ಹಾಳೆ ಒಂದನ್ನು ತಂದು ಎರಡು ಪದರ ಬರೆದು ನೋಡಿ. ಬಿಲ್ಲಿನಲ್ಲಿ ‘100% ಕಾಟನ್’ ಎಂದು ಬರೆಸಿಕೊಳ್ಳಿ. ನನ್ನ ಬಿಲ್ಲಿನಲ್ಲಿ ‘ಡ್ರಾಯಿಂಗ್ ಪೇಪರ್’ ಎಂದಷ್ಟೇ ಇದೆ. ಆದರೂ ಅದನ್ನೇ ಹಿಡಿದು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಮಿಕ್ಕ 16 ಹಾಳೆಗಳು ಹಾಗೆಯೇ ಇವೆ, ಯಾವ ಮಗುವಿಗೂ ಕೊಡುವುದಿಲ್ಲ.